ಹುಣ್ಣಿವಿ ಒಳಗ ಮುಟ್ಟಬೇಕು

ನನಗ ಇಬ್ಬರು ತಾಯಂದಿರು. ಜೇವರ್ಗಿ ಕಾಲೋನಿದಾಗ ಇರಾಕಿ ಮಮ್ಮಿ, ಕಮಲಾಪುರದಾಗ ಇರಾಕಿ ಅವ್ವ. ಮಮ್ಮಿ ನನ್ನ ಹಡದಾಳ, ಅವ್ವ ಬೆಳಸ್ಯಾಳ. ಮಮ್ಮಿ ದವಾಖಾನ್ಯಾಗ ನರ್ಸು, ಪಪ್ಪಾಂದು ಕಪನೂರದಾಗ ಫ್ಯಾಕ್ಟರಿ ಶಿಫ್ಟು. ಹಿಂಗಾಗಿ ನಾ ಒಂಬತ್ತ ತಿಂಗಳ ಕೂಸಿದ್ದಾಗ ನನ್ನ ಒಂದ ಬುಟ್ಟ್ಯಾಗ ಹಾಕಿ ಕಮಲಾಪುರದ ಬಸ್ಸಿಗಿ ಏರಿಸಿ ಕಳಿಸಿಬಿಟ್ರು. ಬುಟ್ಟಿ ನಾ ಸೇರಿಸಿದ್ದು. ಮಮ್ಮಿ ತೊಡಿ ಮ್ಯಾಲ ಕುಂತು ಆರಾಮ ಹೋಗಿದ್ದೆ ಅಂತ ಮನ್ಯಾಗ ಹೇಳ್ತಾರ. ಆದ್ರ ಬುಟ್ಟಿ ಇದ್ರ ಕತಿಗಿ ಜರಾ ತೂಕ ಬರ್ತದ.

ಅವ್ವ ಅಂದ್ರ ಲೆಕ್ಕಕ್ಕ ನನಗ ಅತ್ತಿ, ಮಮ್ಮಿ ಅಣ್ಣನ ಹೆಂಡ್ತಿ. ನೇಪಾಳದಾಕಿ. ನಮ್ಮ ಮಾವ ವಯಸ್ಸಿನ್ಯಾಗ ಪುಣೆದಾಗ ಒಂದ ಹೋಟೆಲ್ದಾಗ ರೊಟ್ಟಿ ಬಡೀತಿದ್ದ, ಅಕಿ ಅದೇ ಓಣ್ಯಾಗ ಒಬ್ಬರ ಮನಿ ಕೂಸು ಆಡಸ್ತಿದ್ಳು. 'ನನ್ನ ರೊಟ್ಟಿ ತಿಂದು ಒಪ್ಪಿದ್ಳು' ಅಂತ ಮಾವ ಹೇಳ್ತಾನ. 'ರೊಟ್ಟಿ ಎಲ್ಲಾ ಸೀದಿರ್ತಿದ್ವು, ಪಾಪ ಅನಿಸಿ ಒಪ್ಪಿದೆ' ಅಂತ ಅವ್ವ ಹೇಳ್ತಾಳ. ಲಗ್ನಾಗಿ ಕಮಲಾಪುರಕ್ಕ ಬಂದಾಗ ಅಕಿಗಿ ಕನ್ನಡದಾಗ ಬರ್ತಿದ್ದು ಎರಡೇ ಮಾತು, 'ಹೌದ್ರಿ' ಮತ್ತ 'ಸಾಕ್ರಿ'. ಈಗ ಸಂತ್ಯಾಗ ಅಕಿ ಬದ್ನಿಕಾಯಿ ರೇಟ್ ಕೇಳಾಕ ನಿಂತ್ಳು ಅಂದ್ರ ಮಾರಾಕಿ ಬುಟ್ಟಿ ಮ್ಯಾಲ ಅರಿವಿ ಮುಚ್ಚತಾಳ. ಅಕಿಗಿ ಮಕ್ಕಳಾಗಲಿಲ್ಲ. ಯಾರರೆ ಅಯ್ಯೋ ಪಾಪ ಅಂದ್ರ, "ಆಗಿದ್ರ ಎಲ್ಲಿ ಇಡ್ತಿದ್ದೆರಿ? ಇದೊಂದೇ ನಾಕ ಮಂದಿ ಜಾಗಾ ಹಿಡದಿತ್ತು" ಅಂತ ನನ್ನ ಕಡಿ ಬೊಟ್ಟ ಮಾಡ್ತಾಳ.

ಏಳನೇ ವರ್ಷಕ್ಕ ಸಾಲಿ ಸಲುವಾಗಿ ನನ್ನ ಕಲಬುರಗಿಗಿ ಎಳ್ಕೊಂಡ ಬಂದ್ರು. ಅವತ್ತಿಂದ ನನ್ನ ಕಾಲು ಒಂದ ಕಡಿ ನಿಂತಿಲ್ಲ. ಜೇವರ್ಗಿ ಕಾಲೋನಿದಾಗ ಇದ್ರ ಕಮಲಾಪುರಕ್ಕ ಹೋಗಬೇಕನಸ್ತದ, ಕಮಲಾಪುರದಾಗ ಇದ್ರ ಇನ್ನೂ ಎಲ್ಲೆರೆ ಮುಂದ ಹೋಗಬೇಕನಸ್ತದ. ಟ್ಯೂಶನ್ದಾಗ ನಾ ಕುಂತ ಬೆಂಚು ತಾನೇ ನಡಗ್ತದ. "ಏ ಹುಡುಗಿ, ಕಾಲ ನಿಂದ್ರಸು, ಬೆಂಚ್ ಸ್ಟೇಷನ್ ಬಿಟ್ಟ ಹೊಂಟದ" ಅಂತ ಸರ್ ದಿನಾ ಬೈತಾರ.

ಈ ಮುಂದ ಹೋಗೂ ಹುಚ್ಚು ಹಚ್ಚಿದಾಕಿ ಅವ್ವನೇ. ಸಣ್ಣಾಕಿದ್ದಾಗ ನನ್ನ ತಲಿ ಹಿಕ್ಕುವಾಗ ತನ್ನ ಊರಿನ ಕತಿ ಹೇಳ್ತಿದ್ಳು. ಅವರ ಊರಾಗ ಗುಡ್ಡದ ಮ್ಯಾಲ ಮನಿ ಅಂತ. ಮುಂಜಾನೆ ಮೋಡ ಬಾಗಲದಾಗಿಂದ ಒಳಗ ಬಂದು ಒಲಿ ಮುಂದ ಕುಂದರ್ತಿದ್ವಂತ, ಅವರ ಆಮಾ ಕಸಬರಗಿ ತಗೊಂಡು ಅವನ್ನ ಹೊರಗ ಹಾಕ್ತಿದ್ಳಂತ. ಆಮಾ ಅಂದ್ರ ಅವರ ಮಾತಿನ್ಯಾಗ ತಾಯಿ. ಇದನ್ನ ನಾ ಹತ್ತನೇ ವರ್ಷದ ತನಕಾ ಖರೇ ಅಂತ ನಂಬಿದ್ದೆ. ನನಗ ಈ ಜಗ್ಗಿ ಹೇಳೂ ಚಟ ಎಲ್ಲಿಂದ ಬಂತು ಅಂತ ಮಮ್ಮಿ ಹಣಿ ಬಡ್ಕೊಂತಾಳ, ಆದ್ರ ಎಲ್ಲಿಂದ ಬಂತು ಅಂತ ಅಕಿಗೂ ಗೊತ್ತದ.

ಟ್ಯೂಶನ್ದಾಗ ನಾ ಅವ್ವನ ಮಾಲಿಗಿ ನನ್ನ ಮಾಲ ಸೇರಿಸಿದೆ. ನಮ್ಮ ಅವ್ವನ ತವರಮನಿ ಮಾಳಗಿ ಮ್ಯಾಲ ನಿಂತ್ರ ಹಿಮಾಲಯ ಪೂರಾ ಕಾಣ್ತದ, ಮೋಡ ಅಡ್ಡ ಬಂದ್ರ ಕೈಲೆ ಸರಿಸಬೇಕಾಗ್ತದ ಅಂದೆ. ಅಲ್ಲಿ ಆಡಗೋಳು ಸ್ವೆಟರ್ ಹಾಕ್ಕೊಂಡು ತಿರಗ್ತಾವ ಅಂದೆ. ನಾ ಮೂರ ಸಲ ಹೋಗಿ ಬಂದೀನಿ, ಒಂದ ಸಲ ಹೆಲಿಕಾಪ್ಟರ್ದಾಗ ಅಂದೆ. ಹೆಲಿಕಾಪ್ಟರ್ ಜರಾ ಜಾಸ್ತಿ ಆತು ಅಂತ ನನಗೂ ಗೊತ್ತಾತು. ಆದ್ರ ಒಮ್ಮೆ ಹಾರಿಸಿದ ಮ್ಯಾಲ ಅದನ್ನ ಎಲ್ಲಿ ಇಳಸಬೇಕು? ಖರೇ ಹೇಳ್ತೀನಿ, ಅಲ್ಲಿ ತನಕಾ ನಾ ಸೊಲ್ಲಾಪುರ ದಾಟಿದಾಕಿ ಅಲ್ಲ. ಅಷ್ಟ ಯಾಕ, ಅವ್ವನೇ ಲಗ್ನಾದ ಮ್ಯಾಲ ಒಂದೇ ಸಲ ಹೋಗಿ ಬಂದಿದ್ಳು, ಅದೂ ನಾ ಹುಟ್ಟೂಕಿಂತ ಮೊದಲ, ಬ್ಯಾಸಗ್ಯಾಗ.

ಹೋದ ವರ್ಷ ದಸರಾ ಸೂಟಿಗಿ ನಾ ಕಮಲಾಪುರಕ್ಕ ಹೋದೆ. ನಮ್ಮ ಆಯಿ, ಅಂದ್ರ ಮಾವನ್ನೂ ಮಮ್ಮಿನ್ನೂ ಹಡದಾಕಿ, ಮನ್ಯಾಗ ನವರಾತ್ರಿಗಿ ದೀಪ ಹಾಕಸ್ತಾಳ. ದೀಪ ಹಾಕೂದಂದ್ರ ಹುಡುಗಾಟ ಅಲ್ಲ. ದೇವರ ಖೋಲ್ಯಾಗ ಘಟ ಕುಂದ್ರಿಸಿ, ಅದರ ಸುತ್ತ ಮಣ್ಣಾಗ ಗೋದಿ, ಜ್ವಾಳ ಬಿತ್ತಿ, ಬಾಜೂಕ ದೀಪ ಹಚ್ಚತಾರ. ಒಂಬತ್ತ ದಿನ, ಹಗಲಿ ರಾತ್ರಿ, ಅದು ಆರಬಾರ್ದು. ಹಚ್ಚಿದ ಹೆಣ್ಮಗಳು ಮನಿ ಬಿಟ್ಟು ಎಲ್ಲೂ ವಸ್ತಿ ಹೋಗಬಾರ್ದು. ಆ ಹೆಣ್ಮಗಳು ಇಪ್ಪತ್ತೆರಡ ವರ್ಷಲಿಂದ ನಮ್ಮ ಅವ್ವ. ಆಯಿ ಬಾಯಿ ನಡಸ್ತಾಳ, ಅವ್ವ ದೀಪ ನಡಸ್ತಾಳ. ಫ್ಯಾನ್ ಬಂದ್, ಕಿಟಕಿ ಬಂದ್. ನಾ ಜೋರಾಗಿ ಸೀನಿದ್ರೂ "ದೀಪ, ದೀಪ!" ಅಂತ ಆಯಿ ಒದರ್ತಾಳ.

ಅದೇ ಖೋಲ್ಯಾಗ ಮೂಲ್ಯಾಗ ಅವ್ವ ಇನ್ನೊಂದ ಪರಾತದಾಗ ಗೋದಿ ಬಿತ್ತಿ, ಮ್ಯಾಲ ಬುಟ್ಟಿ ಕವಿಚಿ ಇಡ್ತಾಳ. ಬೆಳಕ ಕಾಣಲಾರ್ದಕ್ಕ ಆ ಸಸಿ ಹಸರಾಗೂದಿಲ್ಲ, ಹಳದಿ ಆಗಿ ಉದ್ದುದ್ದ ಬೆಳೀತಾವ. ಆಯಿ ದಿನಾ ಬುಟ್ಟಿ ಎತ್ತಿ ನೋಡಿ, "ಕಾಮಾಲಿ ಆದಂಗ ಕಾಣ್ತಾವ ನೋಡು ಪಾಪ" ಅಂತ ಮತ್ತ ಮುಚ್ಚತಾಳ. ಅವ್ವನ ಊರಾಗ ದಸರಾಕ್ಕ ಹಿಂಗೇ ಹಳದಿ ಸಸಿ ಬೆಳಸ್ತಾರ. ಹಬ್ಬದ ದಿನ ಮನಿ ಹಿರ್ಯಾರು ಅಕ್ಕಿ, ಮೊಸರು, ಕೆಂಪು ಕಲಿಸಿ ಸಣ್ಣವರ ಹಣಿಗಿ ದಪ್ಪ ಟೀಕಾ ಹಚ್ಚಿ, ಕಿವಿ ಮ್ಯಾಲ ಈ ಸಸಿ ಸಿಗಸ್ತಾರ. ಲಗ್ನಾದ ಹೆಣ್ಮಕ್ಕಳು ತವರಿಗಿ ಹೋಗಿ ತಾಯಿ ಕೈಲಿಂದ ಹಚ್ಚಿಸ್ಕೋಬೇಕು. ಅವ್ವ ಪ್ರತಿ ವರ್ಷ ಒಂದ ಎಳಿ ಕಿತ್ತು ತನ್ನ ಕಿವಿ ಮ್ಯಾಲ ತಾನೇ ಸಿಗಿಸ್ಕೊಂಡು ರೊಟ್ಟಿ ಬಡ್ಯಾಕ ಕುಂದರ್ತಿದ್ಳು. ಟೀಕಾ ಮಾತ್ರ ಹಚ್ಕೋತಿದ್ದಿಲ್ಲ. ಅದನ್ನ ತನಗ ತಾನೇ ಹಚ್ಕೊಳ್ಳಾಕ ಬರೂದಿಲ್ಲ.

ಐದನೇ ದಿವಸ ಅವ್ವಗ ಊರಿಂದ ವಿಡಿಯೋ ಕಾಲ್ ಬಂತು. ಅಕಿ ತಮ್ಮನ ಹೆಂಡ್ತಿ ಫೋನ್ ಹಿಡದಿದ್ಳು, ಒಳಗ ಆಮಾ. ಎಂಬತ್ತ ದಾಟ್ಯಾಳ. ಒಂದ ಕಣ್ಣ ಪೂರಾ ಹೋಗ್ಯಾದ, ಇನ್ನೊಂದ್ರಾಗ ನೆರಳ ನೆರಳ ಅಷ್ಟೇ. ಅವ್ವನ ಜೋಡಿ ಬೆಳದಾಕಿ ನಾ, ಅವರ ಮಾತು ನನಗ ಅರ್ಧ ತಿಳೀತದ. ಉಳದರ್ಧ ನಾ ಸೇರಿಸ್ತೀನಿ, ಆದ್ರ ಅವತ್ತ ಸೇರಸೂ ಕೆಲಸ ಬೀಳಲಿಲ್ಲ.

"ಯಾರದು?" ಅಂದ್ಳು ಆಮಾ.

"ನಾನು, ಆಮಾ."

"ಯಾರದು?"

"ನಾನೇ, ಆಮಾ. ನಿನ್ನ ದೊಡ್ಡ ಮಗಳು."

ಆಮಾ ಫೋನಿಗಿ ಮೂಗ ಹಚ್ಚಿ ನೋಡಿದ್ಳು. ಆಮ್ಯಾಲ ಸಾವಕಾಶ ಹೇಳಿದ್ಳು, ಮುಂದಿನ ವರ್ಷ ನೀ ಬಂದ್ರ ನನಗ ನೀ ಕಾಣೂದಿಲ್ಲ, ಈ ವರ್ಷ ಇನ್ನೂ ನೆರಳ ಹಂಗರೆ ಕಾಣ್ತಿ, ಹುಣ್ಣಿವಿ ತನಕಾ ಟೀಕಾದ ಬಟ್ಲಾ ಮುಂದ ಇಟ್ಕೊಂಡೇ ಕುಂತಿರ್ತೀನಿ ಅಂತ.

ಫೋನ್ ಇಟ್ಟ ಮ್ಯಾಲ ಅವ್ವ ದೀಪಕ್ಕ ಎಣ್ಣಿ ಹಾಕಾಕ ಹೋದ್ಳು. ಎಣ್ಣಿ ತುಂಬಿತ್ತು, ಆದ್ರೂ ಹಾಕಿದ್ಳು. ನಾ ಹಿಂದಿಂದೇ ಹೋದೆ.

"ಅವ್ವ, ಹುಣ್ಣಿವಿ ತನಕಾ ಅಂದ್ರೇನು? ದಸರಾ ಹತ್ತನೇ ದಿನಕ್ಕ ಮುಗೀತದಲ್ಲ?"

"ನಿಮ್ದು ಮುಗೀತದ. ನಮ್ದು ಅವತ್ತ ಶುರು. ದಶಮಿಲಿಂದ ಹುಣ್ಣಿವಿ ತನಕಾ ಐದ ದಿವಸ ಟೀಕಾ ಹಚ್ಚತಾರ. ದೂರದವ್ರು ಬಂದ ಮುಟ್ಟಬೇಕಲ್ಲ."

ನಾ ನಿಂತಲ್ಲೇ ಲೆಕ್ಕ ಹಾಕಿದೆ. ನಮ್ಮ ದೀಪ ದಶಮಿ ದಿನ ಶಾಂತ ಆಗ್ತದ. ಅವತ್ತ ಸಂಜಿಗಿ ಬನ್ನಿ ಕೊಟ್ಟು ತಗೊಂಡ ಮ್ಯಾಲ ಅವ್ವನ್ನ ಕಟ್ಟಿ ಹಾಕೂದು ಯಾವದೂ ಇಲ್ಲ. ಇಪ್ಪತ್ತೆರಡ ವರ್ಷ ನಾವೆಲ್ಲಾ ಏನ ತಿಳ್ಕೊಂಡಿದ್ದೆವಂದ್ರ, ನಮ್ಮ ದಸರಾ ಮುಗದಾಗ ಇಡೀ ಜಗತ್ತಿನ ದಸರಾ ಮುಗೀತು, ನೇಪಾಳದವ್ರೂ ಅವತ್ತೇ ಪರಾತ ತೊಳದು ಬೋರಲ ಹಾಕ್ತಾರ ಅಂತ.

"ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ಹೇಳಿದ್ದೆ. ಮೊದಲನೇ ವರ್ಷ. ಬನ್ನಿ ಮುಗದ ಮ್ಯಾಲ ಎಂಥಾ ದಸರಾ ಅಂತ ನಿಮ್ಮ ಮಾವ ನಕ್ಕ. ಆಮ್ಯಾಲ ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ."

"ಹಂಗಾರ ಈ ಸಲ ಹೋಗೂಣ ನಡಿ. ನಾನೂ ಬರ್ತೀನಿ."

"ಸುಮ್ನ ಕುಂದರು."

"ಅಕಿಗಿ ಕಣ್ಣ ಹೊಂಟಾವ ಅವ್ವ."

"ಅದಕ್ಕೇ ಅಂಜಿಕಿ," ಅಂದ್ಳು ಅವ್ವ. "ನಾ ಅಷ್ಟ ದೂರ ಹೋಗಿ ಮುಂದ ನಿಂತಾಗೂ ಯಾರದು ಅಂತ ಕೇಳಿದ್ರ?"

ಇದಕ್ಕ ಉತ್ತರ ಕೊಡೂ ಕೆಲಸ ನನ್ನ ಕಾಲ ತಗೊಂಡ್ವು. ಎರಡ ದಿನ ನಾ ಅಂಗಳದಾಗ ಎಷ್ಟ ಸುತ್ತ ಹೊಡದೆ ಅಂದ್ರ, ಎಮ್ಮಿಗಿ ನನ್ನ ನೋಡಿ ನೋಡಿ ಕಣ್ಣ ಕತ್ಲಿ ಬಂತು.

ಮಾವ ಒಪ್ಪಿದ. ತಾ ಅವತ್ತ ನಕ್ಕಿದ್ದು ಅವಗ ನೆನಪೇ ಇರಲಿಲ್ಲ, ನಾ ಹೇಳಿದ ಮ್ಯಾಲ ಮೂರ ಸಲ ಮೀಸಿ ಒರಸ್ಕೊಂಡ. ಉಳದಾಕಿ ಆಯಿ. ಆಯಿ ಹೂಂ ಅನ್ನದೆ ಅವ್ವ ಹೊಸ್ತಿಲ ದಾಟೂದಿಲ್ಲ. ನಾ ಸೀದಾ ಕೇಳ್ಬಹುದಿತ್ತು. ಆದ್ರ ಸೀದಾ ಕೇಳೂದು ನನ್ನ ಸ್ವಭಾವಕ್ಕ ಬರೂದಿಲ್ಲ.

"ಆಯಿ, ಈ ಸಲ ಮಮ್ಮಿ ಬನ್ನಿಗಿ ಬರೂದಿಲ್ಲಂತ," ಅಂದೆ. ಪೂರಾ ಸುಳ್ಳು.

ಆಯಿ ಅಡಕಿ ಕತ್ತರಸೂದು ನಿಂದ್ರಿಸಿದ್ಳು. "ಯಾಕ?"

"ಡ್ಯೂಟಿ ಅಂತ. ಬಂದ್ರ ಮುಂದಿನ ವರ್ಷ. ಇಲ್ಲಂದ್ರ ಅದರ ಮುಂದಿನ ವರ್ಷ."

"ಏನ ಧಾಡಿ ಅಕಿಗಿ? ಒಂದ ತಾಸಿನ ಹಾದಿ! ಹಡದಾಕಿ ಮಾರಿ ನೋಡಾಕ ಟೈಮಿಲ್ಲಂತೇನು? ನಾ ಕಣ್ಣ ಮುಚ್ಚಿದ ಮ್ಯಾಲ ಬಂದು ಯಾರ ಕೈಗಿ ಬನ್ನಿ ಕೊಡ್ತಾಳಂತ? ಹಚ್ಚು ಫೋನು!"

"ಹಚ್ಚತೀನಿ ಆಯಿ. ಆದ್ರ ಮೊದಲ ಇದನ್ನ ಹೇಳು. ಅವ್ವನ ಅವ್ವ ಇಪ್ಪತ್ತೆರಡ ದಸರಾ ಹಿಂಗೇ ಕುಂತಾಳ. ಅಕಿ ಯಾರಿಗಿ ಫೋನ್ ಹಚ್ಚಿ ಬೈಬೇಕು? ನಿನಗೇನು?"

ಆಯಿ ಮೊದಲ ನನ್ನ ನೋಡಿದ್ಳು, ಆಮ್ಯಾಲ ಅಡಕೊತ್ತು ನೋಡಿದ್ಳು. ನಾ ಎರಡ ಹೆಜ್ಜಿ ಹಿಂದ ಸರದೆ. ಆದ್ರ ಅಕಿ ಒಗೀಲಿಲ್ಲ. ಕೊನಿ ಅಸ್ತ್ರ ಬಿಟ್ಳು: "ಹುಣ್ಣಿವಿಗಿ ಹೊಲಕ್ಕ ಎಡಿ ಒಯ್ದು ಚರಗ ಚೆಲ್ಲೂರು ಯಾರು?"

"ನಮ್ಮ ಮನ್ಯಾಗ ಚರಗ ಚೆಲ್ಲೂದು ಎಳ್ಳ ಅಮಾಸಿಗಿ, ಆಯಿ. ಅದಕ್ಕಿನ್ನೂ ಭಾಳ ದಿನ ಅದ."

"ನನಗ ಕಲಸ್ತಿ?" ಅಂದ್ಳು. ಅಡಕೊತ್ತು ಕೆಳಗಿಟ್ಟು ಅಡಗಿ ಮನಿ ಕಡಿ ಮಾರಿ ಮಾಡಿ ಒದರಿದ್ಳು, "ಏನವಾ, ಕೇಳಸ್ತೇನು? ದೀಪ ಶಾಂತ ಮಾಡಿ, ಬನ್ನಿ ತಗೊಂಡು, ಆಮ್ಯಾಲ ಹೋಗು. ಒಂದ ತಾಸ ಮೊದಲ ಹೊಂಟ್ರೂ ನಾ ಕೇಳಾಕಿ ಅಲ್ಲ!"

ಅಡಗಿ ಮನ್ಯಾಗ ರೊಟ್ಟಿ ಬಡ್ಯೂ ಸಪ್ಪಳ ನಿಂತಿತ್ತು. ಮತ್ತ ಶುರು ಆದಾಗ ಭಾಳ ಜೋರಾಗಿತ್ತು. ಅವತ್ತಿನ ರೊಟ್ಟಿ ಪೇಪರಿನಂಗ ತೆಳ್ಳಗಾಗಿದ್ವು, ಅದರಾಗಿಂದ ಆಯಿ ಮಾರಿ ಕಾಣ್ತಿತ್ತು.

ಮಾವಗ ಬಾಳಿ ತ್ವಾಟ, ಮಮ್ಮಿಗಿ ದವಾಖಾನಿ, ಪಪ್ಪಾಗ ಶಿಫ್ಟು, ಹೋಗೂರು ನಾವಿಬ್ಬರೇ. ಅವ್ವನ ಬಲ್ಲಿ ವೋಟರ್ ಕಾರ್ಡ್ ಇತ್ತು. ನನಗ ಹದಿನಾರು, ಪಾಸ್‌ಪೋರ್ಟ್ ಇಲ್ಲ. ಇಂಥಾ ವಯಸ್ಸಿನವ್ರಿಗಿ ಗಡಿ ದಾಟಾಕ ಕಾಲೇಜ್ ಪ್ರಿನ್ಸಿಪಾಲರ ಸರ್ಟಿಫಿಕೇಟ್ ಬೇಕು ಅಂತ ಪಪ್ಪಾ ಹುಡುಕಿ ತೆಗದ. ನಾ ಕಮಲಾಪುರಲಿಂದ ಬಸ್ ಹಿಡದು ಕಲಬುರಗಿಗಿ ಬಂದೆ. ಸೂಟಿ ಇದ್ರೂ ಪ್ರಿನ್ಸಿಪಾಲರು ಆಫೀಸಿನ್ಯಾಗ ಕುಂತಿದ್ರು. ನನ್ನ ನಸೀಬಕ್ಕ ಅವರ ಮಗಳು ನನ್ನ ಟ್ಯೂಶನ್ದಾಗೇ ಇದ್ದಾಳ.

"ಏನವಾ, ನೇಪಾಳಕ್ಕ ಹೊಂಟೀಯಂತ?"

"ಹೌದ್ರಿ ಸರ್."

"ಮೂರ ಸಲ ಹೋಗಿ ಬಂದೀಯಲ್ಲ? ಆಗ ಯಾರ ಕೊಟ್ಟಿದ್ರು ಸರ್ಟಿಫಿಕೇಟು?"

ನಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದೆ.

"ಹೆಲಿಕಾಪ್ಟರ್ದಾಗ ಹೋದ್ರ ಬೇಕಾಗೂದಿಲ್ಲ ಕಾಣ್ತದ," ಅಂದ್ರು ಅವರು. ಬಾಜೂಕಿದ್ದ ಕ್ಲರ್ಕ್ ಫೈಲ್ದಾಗ ಮಾರಿ ಮುಚ್ಕೊಂಡ್ರು, ಫೈಲ್ ನಡಗಾಕತ್ತಿತ್ತು.

"ಹೋಗಿಲ್ರಿ ಸರ್. ಒಂದ ಸಲನೂ ಹೋಗಿಲ್ಲ."

"ಮತ್ತ ಈಗ ಯಾಕ?"

ಹೇಳಿದೆ. ಏನೂ ಸೇರಸಲಿಲ್ಲ. ಸೇರಸಲಾರ್ದಕ್ಕ ಎರಡ ನಿಮಿಷದಾಗ ಮುಗದು ಹೋತು, ನನಗೇ ಸಪ್ಪಗನಿಸ್ತು. ಪ್ರಿನ್ಸಿಪಾಲರು ಕನ್ನಡಕ ತೆಗದು ಒರಸಿ, ಸಹಿ ಮಾಡಿ, ನನ್ನ ಫೋಟೋದ ಅರ್ಧ ಮಾರಿ ಮ್ಯಾಲ ಸಿಕ್ಕಾ ಬಡದ್ರು. "ಸ್ವೆಟರ್ ಹಾಕ್ಕೊಂಡ ಆಡಿಂದು ಒಂದ ಫೋಟೋ ತಗೊಂಡ ಬಾ. ನಮ್ಮ ಮಗಳು ಮೂರ ತಿಂಗಳಲಿಂದ ಕೇಳಾಕತ್ತಾಳ."

ದಶಮಿ ದಿನ ಅವ್ವ ದೀಪ ಶಾಂತ ಮಾಡಿದ್ಳು. ಸಂಜಿಗಿ ಊರ ಮಂದಿ ಬನ್ನಿ ತಗೊಂಡ ಬಂದ್ರು. ಮಮ್ಮಿ, ಪಪ್ಪಾನೂ ಬಂದಿದ್ರು. ಆಯಿ ಮಮ್ಮಿನ್ನ ನೋಡಿ, "ಬರೂದಿಲ್ಲ ಅಂದಿದ್ಯಂತ?" ಅಂದ್ಳು, ಮಮ್ಮಿ ನನ್ನ ಕಡಿ ನೋಡಿದ್ಳು, ನಾ ಬ್ಯಾಗ್ ಕಟ್ಟಾಕ ಹೋದೆ. ಅವ್ವ ಎಲ್ಲಾ ಹಿರ್ಯಾರ ಕೈಗಿ ಬನ್ನಿ ಇಟ್ಟು ಕಾಲಿಗಿ ಬೀಳೂದ್ರಾಗ ಕತ್ಲಾತು. ನಾ ಅಂಗಳದಾಗ ನಿಂತು, "ಬಸ್ ಹೋತು, ಬಸ್ ಹೋತು" ಅಂತ ಜಪಾ ಮಾಡಾಕತ್ತಿದ್ದೆ. ಮಾವ ಒಂದ ಚೀಲದಾಗ ಕಮಲಾಪುರದ ಕೆಂಪ ಬಾಳಿ ಎರಡ ಚಿಪ್ಪ ಇಟ್ಟ. ಪೂರಾ ಕಾಯಿ. "ನಮ್ಮ ಅತ್ತಿ ಕೈಗಿ ಮುಟ್ಟೂ ಹೊತ್ತಿಗಿ ಬರಾಬರ್ ಹಣ್ಣಾಗ್ತಾವ. ಇದರ ಬಲ್ಲಿ ಬ್ಯಾರೆ ಯಾವ ಹಣ್ಣೂ ಇಡಬ್ಯಾಡ, ಇಟ್ರ ಅದರ ಕಾವಿಗಿ ಇವೂ ಲಗೂನ ಹಣ್ಣಾಗ್ತಾವ" ಅಂತ ನನಗ ಮೂರ ಸಲ ಹೇಳಿದ. ನಾ ಮೂರ ಸಲ ಹೂಂ ಅಂದು, ಹಾದಿಗಿರಲಿ ಅಂತ ಏಳ ಸೀತಾಫಲ ಅದೇ ಚೀಲದಾಗ ಸೇರಿಸಿದೆ.

ಕಲಬುರಗಿ ಸ್ಟೇಷನ್ದಾಗ ರೈಲ್ ಹತ್ತಿದೆವು. ಭೋಪಾಳದಾಗ ಇಳದು, ಇನ್ನೊಂದ ರೈಲ್ ಹಿಡದು ಗೋರಖಪುರ, ಅಲ್ಲಿಂದ ಬಸ್ಸಿಗಿ ಗಡಿ, ಗಡಿ ದಾಟಿ ಗುಡ್ಡ. ಹುಣ್ಣಿವಿಗಿ ಎರಡ ದಿನ ಮೊದಲೇ ಮುಟ್ಟೂದು ನಮ್ಮ ಲೆಕ್ಕ. ಟಿಕೆಟ್, ಟೈಮು, ಪ್ಲಾಟ್‌ಫಾರಂ ಎಲ್ಲಾ ನನ್ನ ಜವಾಬ್ದಾರಿ. "ನೀ ಆರಾಮ ಕುಂದರು ಅವ್ವ, ನನಗ ಎಲ್ಲಾ ಗೊತ್ತದ" ಅಂದೆ.

ಏಕಾದಶಿ ರಾತ್ರಿ ಭೋಪಾಳದಾಗ ಇಳದೆವು. ಮುಂದಿನ ಟಿಕೆಟ್ ಮ್ಯಾಲ ನಾಳಿನ ತಾರೀಖು, ಟೈಮು ಸೊನ್ನಿ ಸೊನ್ನಿ ಇಪ್ಪತ್ತು. ಅಂದ್ರ ನಾಳೆ ರಾತ್ರಿ ಹನ್ನೆರಡೂ ಇಪ್ಪತ್ತಕ್ಕ ಅಂತ ನಾ ಹೇಳಿದೆ. ವೇಟಿಂಗ್ ರೂಮಿನ್ಯಾಗ ಚಾದರ ಹಾಸಿ ಮಲಗಿದೆವು. ಮರದಿನ ಮಧ್ಯಾಹ್ನ ಬಾಜೂಕ ಕುಂತಿದ್ದ ಒಬ್ಬ ಅಜ್ಜ ನಮ್ಮ ಟಿಕೆಟ್ ಇಸ್ಕೊಂಡು ನೋಡಿ, "ಬೇಟಿ, ಯೇ ತೋ ಕಲ್ ರಾತ್ ಚಲೀ ಗಯಿ" ಅಂದ. ಹನ್ನೆರಡ ಹೊಡದ ಮ್ಯಾಲ ತಾರೀಖ ಬದಲಾಗ್ತದ. ನಾವು ಮಲಗಿದ ಅರ್ಧ ತಾಸಿನ್ಯಾಗ, ನಮ್ಮ ತಲಿ ಮ್ಯಾಲಿಂದ, ನಮ್ಮ ರೈಲು ನಮ್ಮನ್ನ ಬಿಟ್ಟು ಹೋಗಿತ್ತು.

ನನಗ ಅಳು ಬಂತು. ಇದನ್ನ ನಾ ಜಗ್ಗಿ ಹೇಳಾಕತ್ತಿಲ್ಲ, ಉಲ್ಟಾ ಕಡಿಮಿ ಮಾಡಿ ಹೇಳಾಕತ್ತೀನಿ. ಅವ್ವ ಬೈತಾಳ ಅಂತ ಕಾದೆ. ಅಕಿ ಬೈಲಿಲ್ಲ. ಬೊಟ್ಟ ಮಡಚಿ ಎಣಿಸಿದ್ಳು, "ದ್ವಾದಶಿ, ತ್ರಯೋದಶಿ, ಚತುರ್ದಶಿ, ಹುಣ್ಣಿವಿ." ಎದ್ದಳು. ಕಮಲಾಪುರದಾಗ ಬಸ್ ಸ್ಟ್ಯಾಂಡಿಗಿ ಹೋಗಾಕ ಎಂಟ ಮಂದಿ ಜೋಡಿ ಮಾತಾಡಿ ಅರ್ಧ ತಾಸ ಮಾಡಾಕಿ, ಸೆರಗ ಸೊಂಟಕ್ಕ ಸಿಗಿಸಿ, ಚೀಲ ತಲಿ ಮ್ಯಾಲ ಇಟ್ಕೊಂಡು ಹೊಂಟೇ ಬಿಟ್ಳು. ಜನರಲ್ ಟಿಕೆಟ್ ತೆಗಸಿದ್ಳು. ಸಂಜಿ ರೈಲ್ ಬಂದಾಗ ಜನರಲ್ ಡಬ್ಬಿ ಬಾಗಲದಾಗೇ ಮಂದಿ ಜೋತಾಡಾಕತ್ತಿದ್ರು. ಅವ್ವ ಮೊಣಕೈ ಮುಂದ ಮಾಡಿ ನುಗ್ಗಿದ್ಳು. ಅಷ್ಟ ಹಿಂದಿ ಬರ್ತದ, ನೇಪಾಳಿ ಬರ್ತದ, ಆದ್ರ ಆ ಹೊತ್ತಿನ್ಯಾಗ ಅಕಿ ಬಾಯಾಗ ಬಂದಿದ್ದು ಕಲಬುರಗಿ ಕನ್ನಡ: "ಸರೀರಿ, ಸರೀರಿ! ಹುಣ್ಣಿವಿ ಮುಗೀತದ!" ಯಾರಿಗೇನ ತಿಳೀತೋ ಗೊತ್ತಿಲ್ಲ, ಎಲ್ಲಾರೂ ಸರದ್ರು. ನಾ ಅಕಿ ಸೆರಗ ಹಿಡ್ಕೊಂಡು ಒಳಗ ಬಂದೆ, ಸಾಮಾನಿನಂಗ.

ರಾತ್ರಿ ಪೂರಾ ಒಂದ ಕಾಲ ಮ್ಯಾಲ ನಿಂತೆ, ಇನ್ನೊಂದ ಕಾಲ ಇಡಾಕ ಜಾಗಾ ಇರಲಿಲ್ಲ. ಮುಂಜಾನೆ ಡಬ್ಬಿ ತುಂಬ ಘಮ್ ಅಂತ ವಾಸನಿ. ಸೀತಾಫಲದ ಬಾಜೂಕ ಇದ್ದ ಕೆಂಪ ಬಾಳಿ ಎಲ್ಲಾ ಒಮ್ಮೆಲೆ ಹಣ್ಣಾಗಿ, ಮೆತ್ತಗಾಗಿ, ಸಿಪ್ಪಿ ಬಿರೀಲಾಕ ತಯಾರಾಗಿದ್ವು. ಅವ್ವ ಚೀಲ ತೆರದು, ನನ್ನ ಮಾರಿ ನೋಡಿ, ಹಂಚಾಕ ಶುರು ಮಾಡಿದ್ಳು. ಕೆಂಪ ಬಾಳಿಹಣ್ಣ ನೋಡಲಾರ್ದ ಮಂದಿ ಮೊದಲ ಅನುಮಾನ ಪಟ್ರು, ಆಮ್ಯಾಲ ಕೈ ಚಾಚಿದ್ರು, ಆಮ್ಯಾಲ ನಮಗ ಕುಂದ್ರಾಕ ಜಾಗಾ ಕೊಟ್ರು. ಕಡೀಗಿ ಆರ ಹಣ್ಣ ಉಳದ್ವು.

ರೈಲು ಗೋರಖಪುರಕ್ಕ ಭಾಳ ತಡಾ ಮಾಡಿ ಮುಟ್ತು, ಅಲ್ಲಿಂದ ಬಸ್ ಹಿಡದು ಗಡಿ ಮುಟ್ಟಿದ್ದು ಚತುರ್ದಶಿ ದಿನ. ದೊಡ್ಡ ಕಮಾನು, ಅದರ ಕೆಳಗ ರಿಕ್ಷಾ, ಲಾರಿ, ಚೀಲ ಹೊತ್ತ ಮಂದಿ. ನಾ ಸರ್ಟಿಫಿಕೇಟ್ ಎದಿ ಮುಂದ ಹಿಡ್ಕೊಂಡು ನಡದೆ. ಯಾರೂ ಕೇಳಲಿಲ್ಲ. ನಾನೇ ಒಬ್ಬ ಪೊಲೀಸನ ಮುಂದ ಹೋಗಿ ಹಿಡದೆ. ಅವ ಅದನ್ನ ನೋಡೂದು ಬಿಟ್ಟು ಚೀಲ ಮೂಸಿ ನೋಡಿ, 'ಹೋಗು' ಅಂತ ಕೈ ಮಾಡಿದ. ನನ್ನ ಅರ್ಧ ಮಾರಿ ಮ್ಯಾಲಿನ ಸಿಕ್ಕಾ ದಂಡಾತು. ಹಿಂದ ತಿರುಗಿ ನೋಡಿದ್ರ ಅವ್ವ ಇಲ್ಲ. ಮುಂದ ನೋಡಿದ್ರ, ಆಗಲೇ ಬಸ್ಸಿನ್ಯಾಗ ಕುಂತು ಕಿಟಕ್ಯಾಗಿಂದ ನನಗ ಕೈ ಬೀಸಾಕತ್ತಾಳ, "ಏ, ಜಲ್ದಿ!"

ಗುಡ್ಡದ ಬುಡಕಿರೂ ಬುಟವಲ್‌ದಾಗ ರಾತ್ರಿ ವಸ್ತಿ ಮಾಡಿ, ಹುಣ್ಣಿವಿ ದಿನ ಮುಂಜಾನೆ ಇನ್ನೊಂದ ಬಸ್ಸು. ಆಮ್ಯಾಲ ಬಸ್ ಹೋಗಲಾರ್ದ ಹಾದಿ. ನಾ ಕಮಲಾಪುರದ ಸಪಾಟ ನೆಲದ ಮ್ಯಾಲ ಬೆಳದಾಕಿ. ಆ ಮೆಟ್ಟಲ ಒಂದ ಸಾವಿರ ಇದ್ವು. ಆತು, ಮುನ್ನೂರು. ಅವ್ವ ಚಪ್ಪಲಿ ಕೈಯಾಗ ಹಿಡದು ಏರಾಕತ್ತಿದ್ಳು, ಹಿಂದ ನೋಡಲೇ ಇಲ್ಲ. ಹಿಮಾಲಯ ಎಲ್ಲದ ಅಂತ ಕೇಳಾಕ ನನಗ ಉಸರ ಇರಲಿಲ್ಲ. ಎಲ್ಲಾ ಕಡಿ ಬಿಳೇ ಮೋಡ, ಒಂದ ಗುಡ್ಡನೂ ಕಾಣಲಿಲ್ಲ. ಆಡ ಕಂಡ್ವು, ಅರಿವಿ ಇಲ್ಲದ ಬತ್ಲೆ ಆಡ.

ಮನಿ ಅಂಗಳದಾಗ ಚಾಪಿ ಮ್ಯಾಲ ಆಮಾ ಕುಂತಿದ್ಳು. ಮುಂದ ಬಟ್ಲಾ. ಟೀಕಾ ಒಣಗಿ ಬಿರುಕ ಬಿಟ್ಟಿತ್ತು. ಅವ್ವನ ತಮ್ಮನ ಹೆಂಡ್ತಿ ನಮ್ಮನ್ನ ನೋಡಿದಾಕಿನೇ ಒದರಿ, ಒಳಗ ಓಡಿ ಮೊಸರ ತಂದು ಬಟ್ಲಾದಾಗ ಸುರುವಿ ಕಲಿಸಿದ್ಳು. ಅವ್ವ ಚಾಪಿ ಮುಂದ ಮೊಣಕಾಲ ಊರಿ ಕುಂತ್ಳು. ಅಷ್ಟ ಓಡಿ ಬಂದಾಕಿ, ಈಗ ಬಾಯಿ ತೆಗ್ಯಾಕ ಅಂಜಾಕತ್ತಿದ್ಳು.

ಆಮಾ ಎಡಗೈ ಚಾಚಿ ಅವ್ವನ ತಲಿ ಹಿಡದ್ಳು. ಕಿವಿ ಮುಟ್ಟಿದ್ಳು, ಗದ್ದ ಮುಟ್ಟಿದ್ಳು. ಸೂಜಿಗಿ ದಾರ ಪೋಣಸೂರಂಗ ಮಾರಿ ಭಾಳ ಹತ್ರ ತಂದು ನೋಡಿದ್ಳು. ಯಾರದು ಅಂತ ಕೇಳಲಿಲ್ಲ.

"ದಪ್ಪ ಆಗೀದಿ," ಅಂದ್ಳು.

"ಜ್ವಾಳದ ರೊಟ್ಟಿ, ಆಮಾ," ಅಂದ್ಳು ಅವ್ವ. ಆಮ್ಯಾಲ ಅತ್ಳು. ಆಮಾ ಹಚ್ಚಿದ ಟೀಕಾ ನಟ್ಟ ನಡುವ ಬಿತ್ತು, ಒಂದ ಮುಷ್ಟಿ ಆಗೂವಷ್ಟು. ಮೊಸರ ಜಾಸ್ತಿ ಆಗಿ ಮೂಗಿನ ತನಕಾ ಇಳೀತು. ಆಮಾ ಆಶೀರ್ವಾದ ಶುರು ಮಾಡಿದ್ಳು. ಅದು ಮುಗಿಯೂದ್ರಾಗ ನಾ ಎರಡ ಬಾಳಿಹಣ್ಣ ತಿಂದೆ. ಉಳದ ನಾಕ ಆಮಾಗ ಕೊಟ್ಟೆವು. ಅಕಿ ಬಾಯಾಗ ಹಲ್ಲಿಲ್ಲ, ಅಷ್ಟ ಮೆತ್ತಗಿನ ಹಣ್ಣು ಇಷ್ಟ ದೂರದಿಂದ ಹೆಂಗ ತಂದ್ರಿ ಅಂತ ಕೇಳಿದ್ಳು. ಅದಕ್ಕೊಂದ ವಿದ್ಯಾ ಅದ ಅಂತ ನಾ ಹೇಳಿದೆ.

ನನಗೂ ಹಚ್ಚಿದ್ಳು. ಹಚ್ಚಿಸ್ಕೊಂಡು ಕಮಲಾಪುರಕ್ಕ ವಿಡಿಯೋ ಕಾಲ್ ಮಾಡಿದೆ. ಆಯಿ ಎತ್ತಿದ್ಳು, ಮಾರಿ ಅರ್ಧಾನೇ ಕಾಣ್ತಿತ್ತು.

"ಮುಟ್ಟಿದ್ರೇನು? ಭೋಪಾಳದಾಗ ಮಲಗಿದ್ದು ಕೇಳೀನಿ. ಹುಣ್ಣಿವಿ ನಾಳೆ ಅಂದ್ಕೊಂಡು ಮತ್ತ ಎಲ್ಲೆರೆ ಮಲಗೀರಿ ಅಂತ ಮಾಡಿದ್ದೆ!" ಅಂದ್ಳು. ಆಮ್ಯಾಲ ಆಮಾ ಕಂಡ್ಳು. ಆಯಿ ಸೆರಗ ತಲಿ ಮ್ಯಾಲ ಎಳ್ಕೊಂಡ್ಳು. "ಶರಣ್ರೀ ಬೀಗ್ತೇರ! ಊಟಾತೇನ್ರಿ?"

ಆಮಾ ಅವ್ವನ್ನ ಕೇಳಿದ್ಳು ಯಾರು ಅಂತ. ನಮ್ಮ ಅತ್ತಿ ಅಂತ ಅವ್ವ ಹೇಳಿದ್ಳು. "ಹಣಿ ಎಲ್ಲದ ಅಕಿದು?" ಅಂತ ಕೇಳಿ, ಉತ್ತರ ಬರೂಕಿಂತ ಮೊದಲೇ ಮೂರ ಬೆರಳ ಬಟ್ಲಾದಾಗ ಅದ್ದಿ ನನ್ನ ಫೋನಿನ ಮ್ಯಾಲ ಬಡದ್ಳು.

"ಏ ಹುಡುಗಿ, ಏನಾತದು? ಎಲ್ಲಾ ಕೆಂಪ ಕಾಣಾಕತ್ತದ! ಬೆಂಕಿ ಹತ್ತೇತೇನು?"

"ಇಲ್ಲತ್ತಿ," ಅಂದ್ಳು ಅವ್ವ, ನಕ್ಕೋತ, ಅತ್ಕೋತ. "ನಿಮಗ ಟೀಕಾ ಹಚ್ಯಾಳ. ಆಶೀರ್ವಾದ."

ಕೆಂಪಿನ ಹಿಂದಿಂದ ಆಯಿ ದನಿ ಬಂತು. "ಅಲ್ಲವಾ, ಹಚ್ಚೂರು ಹಿರ್ಯಾರಿರಬೇಕಲ್ಲ? ಅಕಿ ನನಕಿಂತ ದೊಡ್ಡಾಕೇನು? ಕೇಳು, ವಯಸ್ಸೆಷ್ಟು ಅಂತ ಕೇಳು."

ಅವ್ವ ಕೇಳಿದ್ಳು. ಆಮಾಗ ತಾ ಹುಟ್ಟಿದ ವರ್ಷ ಗೊತ್ತಿರಲಿಲ್ಲ. ಆಯಿಗೂ ಗೊತ್ತಿರಲಿಲ್ಲ. ಆಮಾ ಒಂದ ಭೂಕಂಪದ ಲೆಕ್ಕ ಹೇಳಿದ್ಳು, ಆಯಿ ಒಂದ ಬರಗಾಲದ ಲೆಕ್ಕ ಹೇಳಿದ್ಳು, ಎರಡೂ ಒಂದಕ್ಕೊಂದು ಕೂಡಲಿಲ್ಲ, ಇಬ್ಬರೂ ದನಿ ಏರಿಸಿದ್ರು. ಅವ್ವ ಆಮಾನ ಮೊಣಕಾಲ ಮ್ಯಾಲ ಕೈ ಇಟ್ಕೊಂಡು, ಮೂಗಿನ ತುದಿಲಿಂದ ಟೀಕಾ ತೊಟಕಸ್ಕೋತ, ಇವರ ಮಾತ ಅವರಿಗಿ, ಅವರ ಮಾತ ಇವರಿಗಿ ಹೇಳಾಕತ್ತಿದ್ಳು. ಫೋನ್ ಚಾರ್ಜು ಇನ್ನ ಎರಡೇ ಪರ್ಸೆಂಟ್ ಉಳದಿತ್ತು.

"ಏನ ನೋಡ್ಕೋತ ನಿಂತೀದಿ?" ಅಂದ್ಳು ಅವ್ವ ನನಗ. "ಚಾರ್ಜರ್ ತಗೊಂಡ ಬಾ. ಓಡು!"

ಓಡಿದೆ.